ಸವಳು: ನಮ್ಮ ನೆಲದ ಉಪ್ಪು

ಉಪ್ಪಿನ ಮಾತು ಬಂದೊಡನೆ ಸೊಲ್ಲಾಪುರದ ಜನರಿಗೆ 1930ನೆಯ ಇಸವಿ ನೆನಪಾಗದೆ ಇರದು. ಆ ವರ್ಷದ ಏಪ್ರಿಲ್ 6ರಂದು ಮಹಾತ್ಮಾ ಗಾಂಧಿಯವರು ದಾಂಡಿಯ ಕಡಲತೀರದಲ್ಲಿ ಉಪ್ಪನ್ನೆತ್ತಿ ಪರಕೀಯರ ಕಾಯಿದೆಯನ್ನು ಮುರಿದರು. ಮೇ 5ರಂದು ಅವರ ಬಂಧನವಾಯಿತು. ಆ ವಾರ್ತೆಯಿಂದ ಕೆರಳಿದ ಈ ಗಿರಣಿಗಳ ಊರು ಕೆಲವು ದಿನಗಳ ಕಾಲ ಆಂಗ್ಲರ ಕೈಮೀರಿತು. ಬೆನ್ನಲ್ಲೇ ಲಷ್ಕರಿ ಕಾನೂನು ಬಂದಿತು. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್ ಎಂಬ ನಾಲ್ವರು ವೀರರು 1931ರ ಜನವರಿ 12ರಂದು ಯರವಡಾ ಕಾರಾಗೃಹದಲ್ಲಿ ಗಲ್ಲಿಗೇರಿದರು.

ಅದು ಕಡಲಿನ ಉಪ್ಪಿನ ಕಥೆ, ಸರ್ವವಿದಿತವಾದುದು. ಆದರೆ ಕಡಲಿನಿಂದ ಬಹುದೂರವಿರುವ ನಮ್ಮ ಸೀಮೆಯ ನೆಲವೇ ಹೆತ್ತ ಉಪ್ಪೊಂದುಂಟು. ಬೇಸಗೆಯಲ್ಲಿ ಭೀಮಾ, ಸೀನಾ, ಬೋರಿ ಹೊಳೆಗಳ ಆಸುಪಾಸಿನ ತಗ್ಗು ಹೊಲಗಳಲ್ಲಿ, ಹಳ್ಳದ ದಂಡೆಗಳಲ್ಲಿ, ಕರಿಮಣ್ಣಿನ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿಯ ಪೊರೆಯೊಂದು ಅಲ್ಲಲ್ಲಿ ಕಾಣಿಸುವುದನ್ನು ವಾಚಕರು ನೋಡಿರಬಹುದು. ಇದನ್ನೇ ನಾವು ಸವಳು ಎನ್ನುತ್ತೇವೆ. ಮೈಸೂರು ಕಡೆಯವರು ಚೌಳು ಎನ್ನುತ್ತಾರೆ. ಸಂಸ್ಕೃತದಲ್ಲಿ ಇದು ಊಷ. ಇಂಥ ನೆಲ ಊಷರ. ಈ ಸವಳಿನ ಉತ್ಪತ್ತಿ, ಉಪಯೋಗ, ಉಪದ್ರವ ಎಂಬ ಮೂರು ಸಂಗತಿಗಳನ್ನು ಸಂಕ್ಷೇಪವಾಗಿ ನಿರೂಪಿಸುವುದೇ ನಮ್ಮ ಉದ್ದೇಶ.

ಮೊದಲು ಉತ್ಪತ್ತಿ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾರಸ ಹೆಪ್ಪುಗಟ್ಟಿ ದಖ್ಖಣದ ಕರಿಗಲ್ಲಾಯಿತು. ಆ ಕಲ್ಲು ಬಿಸಿಲು ಮಳೆಗಳಿಗೆ ಸವೆದು ನಮ್ಮ ಎರೆಮಣ್ಣಾಯಿತು. ಸವೆಯುವಾಗ ಕಲ್ಲಿನೊಳಗಿದ್ದ ಸೋಡಿಯಂ ಬಿಡುಗಡೆಯಾಗಿ ನೀರಿನಲ್ಲಿ ಕರಗಿತು. ಮಳೆ ಹೆಚ್ಚಿರುವ ಸಹ್ಯಾದ್ರಿಯಲ್ಲಿ ಇಂಥ ಲವಣಗಳು ತೊಳೆದುಹೋಗಿ ಕಡಲು ಸೇರುತ್ತವೆ. ಮಳೆ ಕಡಿಮೆಯಿರುವ ನಮ್ಮಲ್ಲಿ ಹಾಗಾಗದು. ನೀರು ತಗ್ಗಿನಲ್ಲಿ ಇಂಗುತ್ತದೆ. ಬತ್ತಿಯಲ್ಲಿ ಎಣ್ಣೆ ಏರುವಂತೆ ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಮತ್ತೆ ಮೇಲೇರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಈ ಉಪ್ಪಿನಲ್ಲಿ ಅಡಿಗೆಯ ಉಪ್ಪಿನ ಅಂಶವೂ ಇರಬಹುದು. ಆದರೆ ಹಿಂದಿನವರು ಬಯಸಿ ಕೆರೆದು ತಂದದ್ದು ಸೋಡಿಯಂ ಕಾರ್ಬೊನೇಟ್, ಬೈಕಾರ್ಬೊನೇಟ್‌ಗಳೆಂಬ ಕ್ಷಾರಗಳಿರುವ ಸವಳನ್ನು.

ಇದೇ ಕರಿಗಲ್ಲಿನ ನಾಡಿನಲ್ಲಿ, ಬುಲಢಾಣಾ ಜಿಲ್ಲೆಯ ಲೋಣಾರದಲ್ಲಿ, ಉಲ್ಕಾಪಾತದಿಂದಾದ ಸುಮಾರು 1.8 ಕಿಲೋಮೀಟರ್ ಅಗಲದ ಕುಳಿಯೊಂದುಂಟು. ಅದರ ಸರೋವರಕ್ಕೆ ನೀರು ಒಳಬರುವ ದಾರಿಯಿದೆ, ಹೊರಹೋಗುವ ದಾರಿಯಿಲ್ಲ. ಆದುದರಿಂದ ಅಲ್ಲಿ ಕ್ಷಾರ ಶೇಖರವಾಗಿದೆ. ಗಾಜು, ಸಾಬೂನುಗಳಿಗೆ ಬೇಕಾದ ಪದಾರ್ಥ ಲೋಣಾರದಲ್ಲಿ ದೊರೆಯುತ್ತದೆಂದು ಅಕ್ಬರನ ಕಾಲದ ಐನ್-ಇ-ಅಕ್ಬರಿಯಲ್ಲಿ ಉಕ್ತವಾಗಿದೆ. ಈ ಸರೋವರ 2020ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿನ ರಕ್ಷಿತ ಜಲಪ್ರದೇಶಗಳಲ್ಲೊಂದಾಗಿದೆ.

ಇನ್ನು ಉಪಯೋಗ. ಪ್ರಾಚೀನ ಈಜಿಪ್ಟಿನವರು ಇದೇ ಜಾತಿಯ ಕ್ಷಾರವನ್ನು ನಾಟ್ರಾನ್ ಎಂಬ ಹೆಸರಿನಿಂದ ಬಲ್ಲವರಾಗಿದ್ದರು. ಮೃತದೇಹಗಳನ್ನು ಅದರಲ್ಲಿ ಒಣಗಿಸಿ ಸಹಸ್ರಾರು ವರ್ಷ ಕೆಡದಂತೆ ಇರಿಸಿದರು. ನಮ್ಮವರು ಅದನ್ನು ಬದುಕಿರುವವರ ಬಟ್ಟೆಗೆ ಬಳಸಿದರು. ರೇಷ್ಮೆ ಮತ್ತು ಉಣ್ಣೆಯ ಬಟ್ಟೆಗಳನ್ನು ಊಷದಿಂದ ಶುದ್ಧಿಗೊಳಿಸಬೇಕೆಂದು ಮನುಸ್ಮೃತಿ ವಿಧಿಸುತ್ತದೆ. ನಮ್ಮ ಅಗಸರು ಸವಳುಮಣ್ಣಿನ ನೀರಿನಲ್ಲಿ ಬಟ್ಟೆಯನ್ನು ನೆನೆಸಿ, ಉಬ್ಬೆಗೆ ಹಾಕಿ, ಹಬೆಯಲ್ಲಿ ಬೇಯಿಸಿ, ಹೊಳೆಯಲ್ಲಿ ಒಗೆಯುತ್ತಿದ್ದರು. ಕ್ಷಾರವು ಬಟ್ಟೆಯ ಜಿಡ್ಡಿನೊಡನೆ ಕೂಡಿ ಒಂದು ಬಗೆಯ ಸಾಬೂನಾಗಿ ಮಾರ್ಪಡುವುದೇ ಇದರ ಗುಟ್ಟು. ನೂಲಿಗೆ ಬಣ್ಣ ಕಟ್ಟುವ ಮೊದಲು ಅದರ ಜಿಡ್ಡು ತೆಗೆಯುವುದಕ್ಕೂ ಕ್ಷಾರವೇ ಬೇಕು. ಮಗ್ಗಗಳಿಂದ ಹೆಸರಾದ ಸೊಲ್ಲಾಪುರದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಡಿಗೆಮನೆಯಲ್ಲಿಯೂ ಕ್ಷಾರಕ್ಕೆ ಸ್ಥಾನವುಂಟು. ಉದ್ದಿನ ಹಪ್ಪಳಕ್ಕೆ ಹಾಕುವ ಪಾಪಡಖಾರ ಸವಳಿನ ಶುದ್ಧಗೊಂಡ ಬಂಧುವೇ ಸರಿ. ಅದರ ಬಲದಿಂದಲೇ ಹಪ್ಪಳ ಕಾದ ಎಣ್ಣೆಯಲ್ಲಿ ಅರಳಿ ಗರಿಗರಿಯಾಗುತ್ತದೆ. ಹೆಚ್ಚಾದರೆ ಕಹಿ, ಕೆಂಪು ಬಣ್ಣ, ಕಡಿಮೆಯಾದರೆ ಬಿರುಸು. ಈ ಹದವನ್ನು ನಮ್ಮ ಅಜ್ಜಿಯಂದಿರು ಯಾವ ಪಾಠಶಾಲೆಯಲ್ಲಿಯೂ ಕಲಿತವರಲ್ಲ.

ಮುಂದೆ ಯುರೋಪಿನಲ್ಲಿ ಸಾಮಾನ್ಯ ಉಪ್ಪಿನಿಂದಲೇ ಸೋಡಾ ತಯಾರಿಸುವ ವಿಧಾನಗಳು ಬಂದವು. 1791ರಲ್ಲಿ ಲೆಬ್ಲಾಂಕನೂ 1861ರಲ್ಲಿ ಸಾಲ್ವೆಯೂ ಇದಕ್ಕೆ ದಾರಿ ತೋರಿದರು. ನಮ್ಮ ದೇಶದ ಮೀಠಾಪುರದಲ್ಲಿ 1939ರಲ್ಲಿ ಟಾಟಾ ಸಂಸ್ಥೆಯ ರಾಸಾಯನಿಕ ಉದ್ಯಮ ಸ್ಥಾಪನೆಗೊಂಡಿತು. ಪೇಟೆಯಲ್ಲಿ ಅಗ್ಗದ ಸೋಡಾ ದೊರೆತ ಮೇಲೆ ಹಳ್ಳದ ದಂಡೆಗೆ ಹೋಗಿ ಸವಳು ಕೆರೆಯುವವರು ಉಳಿಯಲಿಲ್ಲ.

ಸವಳನ್ನು ನಾವು ಮರೆತೆವು. ಸವಳು ನಮ್ಮನ್ನು ಮರೆಯಲಿಲ್ಲ. ಇದೇ ಅದರ ಉಪದ್ರವದ ಕಥೆ. 1885ರಲ್ಲಿ ನೀರಾ ಎಡದಂಡೆಯ ಕಾಲುವೆ ಸಿದ್ಧವಾಯಿತು. ಬರದ ನಾಡಿಗೆ ನೀರು ಬಂದಿತೆಂದು ಜನರು ಹಿಗ್ಗಿದರು, ಕಬ್ಬು ಬೆಳೆದರು. ಕಾಲು ಶತಮಾನವೂ ಕಳೆದಿರಲಿಲ್ಲ, ಕಣಿವೆಯ ಒಳ್ಳೆಯ ಹೊಲಗಳು ಬೆಳ್ಳಗಾಗತೊಡಗಿದವು. ಹೆರಾಲ್ಡ್ ಮ್ಯಾನ್ ಮತ್ತು ತಮ್ಹಾಣೆ ಎಂಬ ವಿಜ್ಞಾನಿಗಳು 1910ರಲ್ಲಿಯೇ ನೀರಾ ಕಣಿವೆಯ ಸವಳುಭೂಮಿಯ ಕುರಿತು ವರದಿಯೊಂದನ್ನು ಪ್ರಕಟಿಸಿದರು. ಕಾರಣವಿಷ್ಟೆ: ಮಿತಿಮೀರಿ ಹಾಯಿಸಿದ ನೀರು ಹೊರಹೋಗಲು ದಾರಿಯಿಲ್ಲದೆ ನೆಲದಡಿಯಲ್ಲಿ ನಿಂತು, ಆಳದಲ್ಲಿ ಮಲಗಿದ್ದ ಉಪ್ಪನ್ನು ಮೇಲಕ್ಕೆ ತಂದಿತು. ಲೋಣಾರದ ಕುಳಿಯಲ್ಲಿ ಪ್ರಕೃತಿ ಮಾಡಿದ್ದನ್ನು ನೀರಾ ಕಣಿವೆಯ ಹೊಲಗಳಲ್ಲಿ ಮನುಷ್ಯನೇ ಮಾಡಿದನು.

1980ರಲ್ಲಿ ಭೀಮಾನದಿಗೆ ಉಜನಿ ಅಣೆಕಟ್ಟಾದ ತರುವಾಯ ಸೊಲ್ಲಾಪುರ ಜಿಲ್ಲೆಯಲ್ಲಿಯೂ ಕಬ್ಬು ಹಬ್ಬಿತು. ಅಲ್ಲಲ್ಲಿ ಸವಳೂ ತಲೆಯೆತ್ತಿತು. ಮೂರು ತಲೆಮಾರು ಉಂಡ ಹೊಲ ಒಬ್ಬ ರೈತನ ಆಯುಷ್ಯದಲ್ಲಿಯೇ ಬಂಜೆಯಾಗುವುದಕ್ಕಿಂತ ದೊಡ್ಡ ಹಾನಿ ಆ ಮನೆತನಕ್ಕೆ ಬೇರೊಂದಿಲ್ಲ.

ಪರಿಹಾರವಿಲ್ಲವೆಂದಲ್ಲ. ಕೇವಲ ಉಪ್ಪೇರಿದ ನೆಲವನ್ನು ಬಸಿಗಾಲುವೆ ತೋಡಿ, ಒಳ್ಳೆಯ ನೀರು ಹಾಯಿಸಿ ತೊಳೆಯಬಹುದು. ಸೋಡಿಯಂ ಅಂಟಿಕೊಂಡು, ಹಸಿಯಲ್ಲಿ ಅಂಟಾಗಿ ಒಣಗಿದಾಗ ಕಲ್ಲಾಗುವ ನೆಲಕ್ಕೆ ಜಿಪ್ಸಂ ಬೇಕು. ಅದರ ಸುಣ್ಣದ ಅಂಶ ಸೋಡಿಯಂ ಅನ್ನು ಬಿಡಿಸುತ್ತದೆ, ನೀರು ಅದನ್ನು ಒಯ್ಯುತ್ತದೆ. ಡಯಂಚ ಬೆಳೆದು ಹಸಿರುಗೊಬ್ಬರವಾಗಿ ಮಗುಚುವುದೂ ಹಿತಕರ. ಯಾವ ಹೊಲಕ್ಕೆ ಯಾವ ಚಿಕಿತ್ಸೆಯೆಂಬುದನ್ನು ಮಣ್ಣಿನ ಪರೀಕ್ಷೆಯಿಂದ ನಿರ್ಧರಿಸಬೇಕು. ಎಲ್ಲಕ್ಕಿಂತ ಮೊದಲು, ಬೆಳೆಗೆ ಬೇಕಾದಷ್ಟೇ ನೀರು ಹಾಯಿಸುವ ಸಂಯಮ ಬೇಕು.

ಸೊನ್ನಲಿಗೆಯ ಸಿದ್ಧರಾಮೇಶ್ವರರು ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟಿಸುವುದನ್ನು ಶಿವಕಾರ್ಯವೆಂದು ಬಗೆದರು. ಬಾಯಾರಿದ ನೆಲಕ್ಕೆ ನೀರು ತರುವುದು ಪುಣ್ಯವೇ ಸರಿ. ತಂದ ನೀರು ಹೊರಹೋಗಲು ದಾರಿ ಮಾಡುವುದೂ ಅಷ್ಟೇ ದೊಡ್ಡ ಪುಣ್ಯವೆಂಬುದನ್ನು ನಮ್ಮ ಕಾಲ ಕಲಿಯಬೇಕಾಗಿದೆ. ಸವಳು, ಉಬ್ಬೆ, ಎರೆ, ಬಸಿಗಾಲುವೆ ಎಂಬ ನಮ್ಮ ನುಡಿಗಳ ಅರ್ಥವನ್ನು ಗಡಿನಾಡಿನ ಕನ್ನಡ ಶಾಲೆಯ ಮಕ್ಕಳಿಗೆ ಹೊಲದ ಬದುವಿನಲ್ಲಿ ನಿಲ್ಲಿಸಿ ತೋರಿಸೋಣ. ನೆಲವನ್ನು ಉಳಿಸಿಕೊಂಡವರ ಮನೆಯಲ್ಲಿಯೇ ನುಡಿಯೂ ಉಳಿಯುತ್ತದೆಂದು ನಾವು ನಂಬಿದ್ದೇವೆ.