ನರ್ಸಿಗೆ ಡೋಸ್ ಬರೆದವರಿಲ್ಲ

ನಮ್ಮ ಬೀಳಗಿ ಕಡೆ ಹೊಲದಲ್ಲಿ ಕೆಲಸ ಮಾಡೋ ಯಾರಿಗಾದ್ರೂ ಗೊತ್ತಿರೋ ಒಂದು ನಿಯಮ ಇದೆ: ಎಣ್ಣಿ ಹೊಡೆಯುವಾಗ ಗಾಳಿಗೆ ಎದುರು ನಿಲ್ಲಬಾರದು. ಎಣ್ಣಿ ಅಂದ್ರೆ ಕೀಟನಾಶಕ. ಅದನ್ನು ತಯಾರಿಸಿದ್ದು ಹುಳಕ್ಕಾಗಿ ಇರಬಹುದು, ಆದ್ರೆ ಮೊದಲು ತಾಗೋದು ಪಂಪು ಹೊತ್ತವನ ಮೈಗೆ. ಇದನ್ನು ನಮ್ಮ ರೈತರಿಗೆ ಯಾರೂ ಸ್ಲೈಡ್ ಹಾಕಿ ಕಲಿಸಿಲ್ಲ. ಇದೇ ಸರಳ ಮಾತು ಆಸ್ಪತ್ರೆಯ ಔಷಧಕ್ಕೂ ಅನ್ವಯಿಸುತ್ತೆ ಅಂತ ಒಪ್ಪಿಕೊಳ್ಳೋಕೆ ಮಾತ್ರ ವೈದ್ಯಲೋಕಕ್ಕೆ ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯ್ತು.

ಈ ಇತಿಹಾಸ ಹುಡುಕೋಕೆ ನನ್ನನ್ನು ಹಚ್ಚಿದ್ದು ಕಾಕಾನ ಮಗಳು. ಬಿ.ಎಸ್ಸಿ ನರ್ಸಿಂಗ್ ಮುಗಿಸಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಿಮೋ ವಾರ್ಡಿನಲ್ಲಿದ್ದಾಳೆ. ಫೋನಿನಲ್ಲಿ ಕೇಳಿದಳು: “ಯಣ್ಣಾ, ಬಾಟ್ಲಿ ಮ್ಯಾಲ ‘ಜ್ವಾಕಿ’ ಅಂತ ಗುರ್ತು ಹಾಕ್ಯಾರ. ಪೇಶಂಟಿಗೆ ಎಷ್ಟ ಮಿಲಿಗ್ರಾಂ ಅಂತ ಡಾಕ್ಟರ್ ಬರೀತಾರ. ದಿನಾ ಅದನ್ನ ಲೋಡ್ ಮಾಡಾಕಿ ನಾನು. ನನಗ ಎಷ್ಟ ಹೋಗತೈತಿ ಅಂತ ಯಾರ ಬರೀತಾರ?”

ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಎಷ್ಟು ಹಿಂದಕ್ಕೆ ಅಂದ್ರೆ, ಮೊದಲ ಮಹಾಯುದ್ಧಕ್ಕೆ.

1917ರ ಜುಲೈನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಮೊದಲ ಸಲ ಮಸ್ಟರ್ಡ್ ಗ್ಯಾಸ್ ಬಳಸಿತು. ಅದು ತಾಗಿದವರ ಮೈಯಲ್ಲಿ ಬೊಬ್ಬೆ ಬಂದವು, ಕಣ್ಣು ಹೋದವು. ಜೊತೆಗೆ ರಕ್ತದ ಬಿಳಿಕಣಗಳೂ ಕುಸಿಯುತ್ತಿದ್ದವು ಅಂತ 1919ರಲ್ಲಿ ವೈದ್ಯರು ದಾಖಲಿಸಿದರು. ಬಿಳಿಕಣ ಕೊಲ್ಲುವ ವಿಷ, ಬಿಳಿಕಣಗಳೇ ಹದ್ದು ಮೀರಿ ಬೆಳೆಯೋ ಕ್ಯಾನ್ಸರಿಗೆ ಮದ್ದಾಗಬಹುದಲ್ಲ? 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಲೂಯಿಸ್ ಗುಡ್‌ಮನ್ ಮತ್ತು ಆಲ್ಫ್ರೆಡ್ ಗಿಲ್‌ಮನ್ ಇದೇ ತರ್ಕ ಹಿಡಿದು ಒಬ್ಬ ರೋಗಿಗೆ ನೈಟ್ರೋಜನ್ ಮಸ್ಟರ್ಡ್ ಕೊಡಿಸಿದರು. ಗಡ್ಡೆ ಕರಗಿತು, ಆದ್ರೆ ಸ್ವಲ್ಪ ದಿನಕ್ಕೆ ಮತ್ತೆ ಬೆಳೆಯಿತು. ಯುದ್ಧದ ಗುಟ್ಟಾಗಿದ್ದ ಈ ಕೆಲಸ ಲೋಕಕ್ಕೆ ತಿಳಿದದ್ದು 1946ರಲ್ಲಿ.

ಎರಡು ವರ್ಷದ ನಂತರ ಬೋಸ್ಟನ್‌ನ ಸಿಡ್ನಿ ಫಾರ್ಬರ್, ರಕ್ತದ ಕ್ಯಾನ್ಸರಿನ ಮಕ್ಕಳಲ್ಲಿ ಅಮಿನಾಪ್ಟೆರಿನ್ ಕೆಲಸ ಮಾಡುತ್ತೆ ಅಂತ ತೋರಿಸಿದರು. ಆ ಔಷಧ ಬಂದದ್ದು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ. 1950ರ ದಶಕದ ಕೊನೆಗೆ ಮಸ್ಟರ್ಡ್ ವಂಶದ್ದೇ ಆದ ಸೈಕ್ಲೋಫಾಸ್ಫಮೈಡ್ ಬಂತು. ಸ್ತನ ಕ್ಯಾನ್ಸರಿಗೆ ಅದನ್ನು ಇವತ್ತಿಗೂ ಕೊಡ್ತಾರೆ. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಶುರುವಾಯ್ತು. ನಮ್ಮ ಊರ ಕಡೆ “ಕಿದ್ವಾಯಿಗೆ ಹೋಗಿದ್ರಂತ” ಅಂದ್ರೆ ಸಾಕು, ರೋಗದ ಹೆಸರು ಹೇಳೋದೇ ಬೇಡ. ಅಷ್ಟು ದೂರ ಆಗದವರು ಹುಬ್ಬಳ್ಳಿಯ ನವನಗರಕ್ಕೋ ಬೆಳಗಾವಿಗೋ ಮಿರಜಿಗೋ ಬಸ್ ಹತ್ತುತ್ತಾರೆ.

ಈ ಇತಿಹಾಸದಲ್ಲಿ ವಿಜ್ಞಾನಿ ಇದ್ದಾನೆ, ವೈದ್ಯ ಇದ್ದಾನೆ, ರೋಗಿ ಇದ್ದಾನೆ. ಪುಡಿಗೆ ನೀರು ಹಾಕಿ, ಸಿರಿಂಜಿಗೆ ಎಳೆದು, ಸಲೈನ್ ಬಾಟ್ಲಿಗೆ ಸೇರಿಸಿದ ಕೈ ಮಾತ್ರ ಕಾಣಲ್ಲ. ಆ ಕಾಲದಲ್ಲಿ ಈ ಕೆಲಸವನ್ನು ವಾರ್ಡಿನ ಮೇಜಿನ ಮೇಲೇ ಮಾಡೋದು ಮಾಮೂಲಿ ಆಗಿತ್ತು. ಗಾಜಿನ ಶೀಸೆಯೊಳಗೆ ಒತ್ತಡ ಹೆಚ್ಚಾದ್ರೆ, ಸೂಜಿ ಹೊರಗೆ ಎಳೆಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಗಾಳಿಗೆ ಹಾರುತ್ತವೆ. ಕೆಲವು ಉಸಿರಿನಲ್ಲಿ ಹೋಗುತ್ತವೆ, ಕೆಲವು ಚರ್ಮದ ಮೂಲಕ ಇಳಿಯುತ್ತವೆ. ಇಂಥ ಬಹಳಷ್ಟು ಔಷಧಗಳು ವೇಗವಾಗಿ ಒಡೆದು ಹೆಚ್ಚಾಗೋ ಜೀವಕೋಶಗಳ ಮೇಲೆ ಬೀಳುತ್ತವೆ. ಅದು ಗಡ್ಡೆಯೋ, ರಕ್ತ ತಯಾರಿಸೋ ಮಜ್ಜೆಯೋ, ಹೊಟ್ಟೆಯಲ್ಲಿರೋ ಕೂಸೋ ಅಂತ ಅವಕ್ಕೆ ಗೊತ್ತಾಗಲ್ಲ. ರೋಗಿ ಆ ಅಪಾಯವನ್ನು ಜೀವ ಉಳಿಯಲಿ ಅಂತ ಒಪ್ಪಿಕೊಳ್ತಾನೆ. ಕೊಡುವಾಕೆಗೆ ಅದರಿಂದ ಬರೋ ಲಾಭ ಏನೂ ಇಲ್ಲ.

ಕೈ ಕಡೆ ಮೊದಲು ಗಂಭೀರವಾಗಿ ನೋಡಿದ್ದು ಫಿನ್ಲೆಂಡಿನವರು. 1970ರ ದಶಕದಲ್ಲಿ ಅಮೆರಿಕದ ಬ್ರೂಸ್ ಏಮ್ಸ್, ಒಂದು ವಸ್ತು ಡಿಎನ್ಎಯನ್ನು ಕೆಡಿಸುತ್ತೋ ಇಲ್ಲವೋ ಅಂತ ಬ್ಯಾಕ್ಟೀರಿಯಾ ಬಳಸಿ ಪತ್ತೆ ಹಚ್ಚೋ ಅಗ್ಗದ ಪರೀಕ್ಷೆ ರೂಪಿಸಿದ್ದರು. ಅಂಥ ಪರೀಕ್ಷೆಗೆ ಫಿನ್ಲೆಂಡಿನ ಫಾಲ್ಕ್ ಮತ್ತು ಸಂಗಡಿಗರು ಕಿಮೋ ವಾರ್ಡಿನ ನರ್ಸುಗಳ ಮೂತ್ರವನ್ನು ಒಡ್ಡಿದರು. ಈ ಔಷಧ ಮುಟ್ಟದವರ ಮೂತ್ರಕ್ಕಿಂತ ಇವರದ್ದರಲ್ಲಿ ಡಿಎನ್ಎ ಕೆಡಿಸೋ ಗುಣ ಹೆಚ್ಚಿತ್ತು. 1979ರಲ್ಲಿ ‘ಲ್ಯಾನ್ಸೆಟ್’ ಇದನ್ನು ಪ್ರಕಟಿಸಿತು. ರೋಗಿಗೆ ಕೊಟ್ಟ ಔಷಧದ ಗುರುತು ನರ್ಸಿನ ಮೈಯಲ್ಲಿ ಸಿಕ್ಕಿತ್ತು.

1985ರಲ್ಲಿ ಇನ್ನೊಂದು ಅಧ್ಯಯನ, ಮತ್ತೆ ಫಿನ್ಲೆಂಡಿನ ನರ್ಸುಗಳದ್ದೇ. ಗರ್ಭಿಣಿಯಾಗಿದ್ದ ಮೊದಲ ಮೂರು ತಿಂಗಳಲ್ಲಿ ಈ ಔಷಧಗಳ ಕೆಲಸ ಮಾಡಿದವರಲ್ಲಿ ಗರ್ಭ ನಷ್ಟದ ಸಾಧ್ಯತೆ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕಂಡಿತು. ಹಾಗಂತ ಮುಟ್ಟಿದವರಿಗೆಲ್ಲ ಹೀಗೇ ಆಗುತ್ತೆ ಅಂತಲ್ಲ. ಆದ್ರೆ “ಏನೂ ಆಗಲ್ಲಮ್ಮ, ಕೆಲಸ ನೋಡು” ಅಂತ ಹೇಳೋ ಧೈರ್ಯ ಅಲ್ಲಿಗೆ ಯಾರಿಗೂ ಉಳಿಯಬಾರದಿತ್ತು.

ಇನ್ನೊಂದು ತಮಾಷೆ ನೋಡಿ. ಔಷಧ ಬೆರೆಸೋಕೆ ಕೆಲವು ಆಸ್ಪತ್ರೆಗಳಲ್ಲಿ ಗಾಳಿ ಶುದ್ಧ ಮಾಡೋ ಪೆಟ್ಟಿಗೆಗಳೇನೋ ಇದ್ದವು. ಆದ್ರೆ ಅವು ಶುದ್ಧ ಗಾಳಿಯನ್ನು ಹಿಂದಿನಿಂದ ಔಷಧದ ಮೇಲೆ ಹಾಯಿಸಿ, ಎದುರು ಕೂತವರ ಮುಖಕ್ಕೆ ಊದುತ್ತಿದ್ದವು! ಔಷಧಕ್ಕೆ ಕ್ರಿಮಿ ಸೇರಬಾರದು ಅನ್ನೋದಷ್ಟೇ ಆ ಡಿಸೈನಿನ ರಿಕ್ವೈರ್‌ಮೆಂಟ್. ಕೂತವರು ಅದರಲ್ಲಿ ಇರಲೇ ಇಲ್ಲ. ನಮ್ಮ ಹೊಲದಲ್ಲಿ ಬೇಡ ಅಂದಿದ್ದನ್ನೇ ಇಲ್ಲಿ ಯಂತ್ರ ಇಟ್ಟು ಮಾಡಿದ್ದರು. 1982ರಲ್ಲಿ ಅಮೆರಿಕದ ಆಸ್ಪತ್ರೆ ಫಾರ್ಮಸಿಸ್ಟರ ಮೂತ್ರ ಪರೀಕ್ಷೆಯಿಂದ ಇದೂ ಬಯಲಾಯ್ತು. ಗಾಳಿ ಮೇಲಿಂದ ಕೆಳಗೆ ಇಳಿದು ಫಿಲ್ಟರಿಗೆ ಹೋಗೋ ಕ್ಯಾಬಿನೆಟ್ ಬಳಸಿದಾಗ ಆ ಗುರುತು ತಗ್ಗಿತು. 1986ರಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಮಾರ್ಗಸೂಚಿ ಹೊರಡಿಸಿತು. 2004ರಲ್ಲಿ ಅಲ್ಲಿನ ಔದ್ಯೋಗಿಕ ಆರೋಗ್ಯ ಸಂಸ್ಥೆ ಇನ್ನೂ ವಿವರವಾದ ಎಚ್ಚರಿಕೆ ಕೊಟ್ಟಿತು.

ನಮ್ಮಲ್ಲಿ? 1998ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಕಿಮೋ ಔಷಧದ ಕಸವನ್ನು ಹೆಸರಿಸಿದವು. 2016ರ ನಿಯಮಗಳು ಅದು ಹಳದಿ ಚೀಲಕ್ಕೆ ಹೋಗಬೇಕು, ಅವಧಿ ಮುಗಿದದ್ದನ್ನು 1200 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಸುಡಬೇಕು ಅಂತ ಹೇಳಿದವು. ಒಳ್ಳೆಯದೇ. ಆದ್ರೆ ಅಷ್ಟು ಬೆಂಕಿ ಬೇಕಾಗೋ ವಸ್ತುವನ್ನು, ಕಸವಾಗೋ ಮೊದಲು ಬರಿಗೈಗೆ ಹತ್ತಿರವಾಗಿ ಹಿಡಿಯೋದು ನರ್ಸು.

ಈಗ ಈ ಮಾತು ಯಾಕೆ ಅಂದ್ರೆ, ಕಿಮೋ ನಮ್ಮ ಜಿಲ್ಲೆಗಳ ಕಡೆ ಬರ್ತಾ ಇದೆ. 2025-26ರ ಕೇಂದ್ರ ಬಜೆಟ್ ಮೂರು ವರ್ಷದಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ಅಂತ ಘೋಷಿಸಿತು; ಮೊದಲ ವರ್ಷವೇ 200. ಕರ್ನಾಟಕವೂ ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ಕೇಂದ್ರ ತೆರೆಯಲು ಶುರು ಮಾಡಿದೆ. ಬೀಳಗಿಯ ಹೆಣ್ಮಗಳೊಬ್ಬಳು ಬೆಂಗಳೂರಿನ ಲಾಡ್ಜಿನಲ್ಲಿ ವಾಂತಿ ಮಾಡ್ತಾ ಮಲಗೋದು ತಪ್ಪುತ್ತೆ ಅಂದ್ರೆ ಅದಕ್ಕಿಂತ ಸಂತೋಷ ಇಲ್ಲ. ಆದ್ರೆ ಔಷಧದ ಜೊತೆ ಆ ಕ್ಯಾಬಿನೆಟ್ಟೂ ಬರಬೇಕು. ಒಂದಲ್ಲ, ಎರಡು ಜೋಡಿ ಗ್ಲೌಸು, ನೀರು ಇಳಿಯದ ಗೌನು, ಚೆಲ್ಲಿದ್ರೆ ಒರೆಸೋ ಕಿಟ್ಟು ಬರಬೇಕು. ಗರ್ಭಿಣಿಯಾದ ನರ್ಸು ಬೇರೆ ಕೆಲಸ ಕೇಳಿದ್ರೆ ಮುಖ ಗಂಟು ಹಾಕದ ಮೇಲಧಿಕಾರಿಯೂ ಬೇಕು.

ನಮ್ಮಲ್ಲಿ ಬಹಳ ಜನ ಒಂದಲ್ಲ ಒಂದಿನ ಅಪ್ಪನದೋ ಅವ್ವನದೋ ಕಿಮೋಗೆ ಲ್ಯಾಪ್‌ಟಾಪ್ ಹಿಡ್ಕೊಂಡು ಪಕ್ಕದಲ್ಲಿ ಕೂತಿರ್ತೀವಿ. ಆವಾಗ ಎರಡು ವಿಷಯ ನೆನಪಿರಲಿ. ಔಷಧ ಮೈಯಿಂದ ಮೂತ್ರದಲ್ಲೂ ಹೊರಗೆ ಹೋಗುತ್ತೆ. ಹಾಗಾಗಿ ಕಿಮೋ ಆದ ಎರಡು ದಿನ ರೋಗಿಯ ಬಟ್ಟೆ, ಬೆಡ್‌ಪ್ಯಾನ್ ಮುಟ್ಟೋರು ಗ್ಲೌಸು ಹಾಕ್ಕೋಬೇಕು. ಕಮೋಡಿನ ಮುಚ್ಚಳ ಹಾಕಿ ಫ್ಲಶ್ ಮಾಡಬೇಕು. ಎರಡನೇದು, ಸಿಸ್ಟರ್ ಬಂದಾಗ “ಇದನ್ನ ಎಲ್ಲಿ ಲೋಡ್ ಮಾಡ್ತೀರಿ ಸಿಸ್ಟರ್, ಕ್ಯಾಬಿನೆಟ್ ಐತೇನ್ರಿ?” ಅಂತ ಕೇಳಿ. ಬಿಲ್ಲಿನ ಬಗ್ಗೆ ಹತ್ತು ಪ್ರಶ್ನೆ ಕೇಳೋ ನಾವು ಇದೊಂದನ್ನೂ ಕೇಳಬಹುದು. ಆಕೆ ಕೇಳಿದ್ರೆ ಕಂಪ್ಲೇಂಟ್ ಅನ್ನೋ ಆಡಳಿತ, ದುಡ್ಡು ಕಟ್ಟೋ ನಾವು ಕೇಳಿದ್ರೆ ಸ್ವಲ್ಪ ಕಿವಿ ಕೊಡುತ್ತೆ.