ಗೋರ್ಟಾ ಸೀಮೆಯ ಚಳಿಗಾಲದ ಹಿತ್ತಲು: ಗಿಡಗಳ ಆಯ್ಕೆ

ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲದ ತೋಟಕ್ಕೆ ಗಿಡ ಆರಿಸುವವರು ಹೂವಿನ ಆಸೆ ಬಿಟ್ಟು ಬರ್ಚ್ ಮರದ ಬಿಳಿ ತೊಗಟೆ, ಹಾಲಿ ಗಿಡದ ಕೆಂಪು ಹಣ್ಣು, ಎಲೆ ಉದುರದ ಪೈನ್‌ಗಳನ್ನು ನೆಚ್ಚಿಕೊಳ್ಳುತ್ತಾರೆ. ಬೀದರ್ ಜಿಲ್ಲೆಯ ಗೋರ್ಟಾ (ಬಿ) ಸುತ್ತಮುತ್ತಲಿನ ಲೆಕ್ಕವೇ ಬೇರೆ. ಇಲ್ಲಿ ಚಳಿಗಾಲವೇ ಹೂವಿನ ಕಾಲ. ಗಿಡವನ್ನು ಕಾಡುವುದು ಚಳಿಗಿಂತ ಹೆಚ್ಚಾಗಿ ಒಣಹವೆ.

ಹವೆ ಮತ್ತು ಮಣ್ಣು

ಗೋರ್ಟಾ ಇರುವ ಬಸವಕಲ್ಯಾಣ–ಹುಮನಾಬಾದ್ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್–ಜನವರಿಯ ಇರುಳಲ್ಲಿ ತಾಪಮಾನ ಕೆಲವೊಮ್ಮೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೂ ಮಧ್ಯಾಹ್ನದ ಬಿಸಿಲು ಚುರುಕಾಗಿಯೇ ಇರುತ್ತದೆ. ಅಕ್ಟೋಬರ್ ದಾಟಿದರೆ ಮಳೆ ಅಪರೂಪ. ಎರೆ ಮಣ್ಣು ತೇವ ಹಿಡಿದಿಟ್ಟು ಹಿಂಗಾರಿ ಬೆಳೆ ಸಾಕುತ್ತದೆ. ಕೆಂಪು ಮಣ್ಣು ಬೇಗ ಆರುತ್ತದೆ. ಎರೆ ಹಿತ್ತಲಿನಲ್ಲಿ ನೇರವಾಗಿ ಬೀಜ ಬಿತ್ತಬಹುದು. ಕೆಂಪು ಮಣ್ಣಿನಲ್ಲಿ ಪಾತಿ ಮಾಡಿ ನೀರುಣಿಸಬೇಕು, ಇಲ್ಲವೇ ಕುಂಡ ಇಡಬೇಕು.

ಇರುಳ ಉದ್ದ ಅಳೆಯುವ ಗಿಡಗಳು

ಬೇಸಿಗೆಯಲ್ಲಿ 13 ತಾಸು ಮೀರುವ ಹಗಲು ಡಿಸೆಂಬರಿನಲ್ಲಿ ಇಲ್ಲಿ ಸುಮಾರು 11 ತಾಸಿಗೆ ಇಳಿಯುತ್ತದೆ. ಸೇವಂತಿಗೆ ಮೊಗ್ಗು ಕಟ್ಟುವುದು ಹೀಗೆ ಇರುಳು ಉದ್ದವಾದಾಗಲೇ. ಕತ್ತಲ ನಡುವೆ ಬೆಳಕು ಬಿದ್ದರೆ ಗಿಡಕ್ಕೆ ಲೆಕ್ಕ ತಪ್ಪುತ್ತದೆ. ಅದಕ್ಕೆಂದೇ ಹೂವನ್ನು ಹಬ್ಬದ ಪೇಟೆಗೆ ತಡವಾಗಿ ತರಬೇಕೆನ್ನುವ ಬೆಳೆಗಾರರು ಹೊಲದಲ್ಲಿ ರಾತ್ರಿ ದೀಪ ಉರಿಸುತ್ತಾರೆ. ಮನೆಯಲ್ಲಿ ಬೆಳೆಸುವವರು ಇದರಿಂದ ಕಲಿಯಬೇಕಾದದ್ದು ಒಂದೇ: ಬೀದಿದೀಪದ ಕೆಳಗೆ, ರಾತ್ರಿಯಿಡೀ ಬಲ್ಬ್ ಉರಿಯುವ ಅಂಗಳದಲ್ಲಿ ಸೇವಂತಿಗೆ ಕುಂಡ ಇಡಬಾರದು. ಪಾಯಿನ್ಸೆಟಿಯಾಕ್ಕೂ ಇದೇ ನಿಯಮ. ಅದರಲ್ಲಿ ಕೆಂಪಾಗಿ ಕಾಣುವುದು ಎಸಳಲ್ಲ, ಬಣ್ಣ ತಿರುಗಿದ ಎಲೆ.

ಮಲ್ಲಿಗೆ ಚಳಿಗೆ ಹೂವು ಕಡಿಮೆ ಮಾಡುತ್ತದೆ. ಆ ಜಾಗಕ್ಕೆ ಕಾಕಡಾ ಬರುತ್ತದೆ. ಪರಿಮಳ ಅಷ್ಟಿಲ್ಲದಿದ್ದರೂ ಮುಡಿಗೂ ಪೂಜೆಗೂ ಆಗುತ್ತದೆ.

ಹೊಲದಿಂದ ಹಿತ್ತಲಿಗೆ

ಎಳ್ಳ ಅಮಾವಾಸ್ಯೆಗೆ ಚರಗ (ಹೊಲಕ್ಕೆ ಅರ್ಪಿಸುವ ಎಡೆ) ಚೆಲ್ಲಲು ಹೊಲಕ್ಕೆ ಹೋದವರಿಗೆ ಈ ಕಾಲದ ಬಣ್ಣಗಳ ಪರಿಚಯ ಮಾಡಿಸಬೇಕಿಲ್ಲ. ಅವುಗಳಲ್ಲಿ ಹಿತ್ತಲಿಗೆ ಮೊದಲು ತರಬೇಕಾದದ್ದು ಕುಸುಬೆ. ಹಳದಿಯಾಗಿ ಅರಳಿದ ಹೂವು ಬಾಡುತ್ತ ಕಿತ್ತಳೆ ಕೆಂಪಿಗೆ ತಿರುಗುವುದರಿಂದ ಒಂದೇ ಗಿಡದಲ್ಲಿ ಎರಡು ಮೂರು ಬಣ್ಣ ಕಾಣುತ್ತವೆ. ತಾಯಿಬೇರು ಆಳಕ್ಕಿಳಿದು ತೇವ ಹುಡುಕುತ್ತದೆ. ಎಲೆಯಂಚಿನ ಮುಳ್ಳಿಗೆ ದನ ಬಾಯಿ ಹಾಕುವುದಿಲ್ಲ. ಹೊಲದಂಚಿಗೆ ಕುಸುಬೆ ಬಿತ್ತುವುದು ಆ ಕಾರಣಕ್ಕೇ. ಹಿತ್ತಲಲ್ಲೂ ಅದು ಬೇಲಿಯ ಸಾಲಿಗೆ ತಕ್ಕದ್ದು, ಓಡಾಡುವ ದಾರಿಗಲ್ಲ.

ಅವರೆ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಿದರೆ ಬಿಳಿ ಅಥವಾ ನೇರಳೆ ಹೂವಿನ ಜತೆ ಕಾಯಿಯೂ ಸಿಗುತ್ತದೆ. ನಾಟಿ ಅವರೆ ಹಗಲು ಚಿಕ್ಕದಾದಾಗಲೇ ಹೂಬಿಡುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಚ್‌ಎ-4ರಂಥ ತಳಿಗಳಿಗೆ ಆ ಕಟ್ಟಿಲ್ಲ. ಹಣ್ಣಿಗೆ ಬೋರೆ ಒಂದು ಮೂಲೆಯಲ್ಲಿದ್ದರೆ ಸಾಕು.

ಮರಗಳು

ಆಕಾಶಮಲ್ಲಿಗೆಯ ಉದ್ದ ಕೊಳವೆಯ ಬಿಳಿ ಹೂವು ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ನೆಲಕ್ಕೆ ಸುರಿದಿರುತ್ತದೆ. ಕೊಂಬೆ ಪೆಡಸು, ಗಾಳಿಗೆ ಮುರಿಯುತ್ತದೆ. ಮನೆಯಿಂದ ದೂರ ನೆಡಬೇಕು. ಹೊಲದ ಬದುವಿಗೆ ಮುತ್ತುಗ ಲೇಸು: ಎಲೆ ಉದುರಿಸಿ ಫೆಬ್ರವರಿ ಹೊತ್ತಿಗೆ ಕಪ್ಪು ಮೊಗ್ಗಿನಿಂದ ಕೇಸರಿ ಹೂವು ಬಿಡುತ್ತದೆ.

ಯಾವಾಗ ಏನು

• ಜೂನ್–ಜುಲೈ: ಸೇವಂತಿಗೆ ಕಂದು ನೆಡುವುದು, ಮರದ ಸಸಿ ನೆಡುವುದು.
• ಆಗಸ್ಟ್: ಸೇವಂತಿಗೆ ಕುಡಿ ಚಿವುಟುವುದು; ಕವಲು ಹೆಚ್ಚಿದಷ್ಟೂ ಹೂವು ಹೆಚ್ಚು.
• ಸೆಪ್ಟೆಂಬರ್–ಅಕ್ಟೋಬರ್: ಕುಸುಬೆ ಬಿತ್ತನೆ, ಚೆಂಡುಹೂವಿನ ನಾಟಿ, ಗುಲಾಬಿ ಸವರುವುದು.
• ನವೆಂಬರ್ ನಂತರ: ಬುಡಕ್ಕೆ ಒಣ ಎಲೆ, ಹೊಟ್ಟಿನ ಹೊದಿಕೆ.

ಜಾಗ ಚಿಕ್ಕದಿದ್ದರೆ ನವೆಂಬರಿಗೆ ಸೇವಂತಿಗೆ, ಆಮೇಲೆ ಅವರೆ, ಬೇಲಿಗೆ ಕುಸುಬೆ ಇಷ್ಟೇ ಸಾಕು. ಒಂದರ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಆರಿಸಿದರೆ ಶಿವರಾತ್ರಿ ಹತ್ತಿರವಾಗುವ ತನಕ ಹಿತ್ತಲು ಬರಿದಾಗುವುದಿಲ್ಲ.