ಇಂಗ್ಲಿಷಿನ ದೌರ್ಬಲ್ಯವಾಚಕ ಪದಗಳು

ಮೈಯಲ್ಲಿ ಕಸುವಿಲ್ಲದಿರುವುದು, ಮುಟ್ಟಿದರೆ ಮುರಿಯುವಂತಿರುವುದು, ಮುಪ್ಪಿನಿಂದ ಸೊರಗಿರುವುದು, ಮನಸ್ಸು ಗಟ್ಟಿಯಿಲ್ಲದಿರುವುದು: ಇಂಥ ಸ್ಥಿತಿಗಳನ್ನು ಹೇಳಲು ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ಪದಗಳ ಗುಂಪು. ವೀಕ್, ಫ್ರೇಲ್, ಫೀಬಲ್, ಇನ್‌ಫರ್ಮ್, ಡೆಲಿಕೇಟ್, ಡಿಕ್ರೆಪಿಟ್, ಪ್ಯೂನಿ ಇವುಗಳಲ್ಲಿ ಮುಖ್ಯವಾದವು. ವೃತ್ತಿಯಿಂದ ವೈದ್ಯನಾಗಿದ್ದ ಪೀಟರ್ ಮಾರ್ಕ್ ರೋಜೆ 1852ರಲ್ಲಿ ಹೊರತಂದ ‘ಥಿಸಾರಸ್’ ಎಂಬ ಪರ್ಯಾಯಪದ ಕೋಶದಲ್ಲಿ 159ನೆಯ ಶೀರ್ಷಿಕೆ ಬಲದ್ದು, ಅದಕ್ಕೆ ಎದುರಾಗಿ 160ನೆಯದು ದೌರ್ಬಲ್ಯದ್ದು. ಒಂದೇ ಶೀರ್ಷಿಕೆಯಡಿ ಸೇರುವ ಪದಗಳಾದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಮಾತು ಕೆಡುತ್ತದೆ. ಕೆಲವು ಮರುಕ ತೋರಿಸುತ್ತವೆ, ಕೆಲವು ಹಂಗಿಸುತ್ತವೆ, ಕೆಲವು ಕಾಯಿದೆಯ ಪುಸ್ತಕಕ್ಕೂ ಹೊಕ್ಕು ಜನರ ಬದುಕನ್ನೇ ತಿರುಗಿಸಿವೆ.

ಹುಟ್ಟು

‘ವೀಕ್’ ಇಂಗ್ಲೆಂಡಿಗೆ ಬಂದು ನೆಲೆಸಿದ ಸ್ಕ್ಯಾಂಡಿನೇವಿಯದ ಜನರ ನುಡಿಯಿಂದ ಬಂದದ್ದು. ಜರ್ಮನ್ ಭಾಷೆಯಲ್ಲಿ ಮೆತ್ತಗಿನದು ಎಂಬ ಅರ್ಥದ ‘ವೈಷ್’ ಇದರ ಸಂಬಂಧಿ. ಒತ್ತಿದರೆ ಬಾಗುವುದು ಎಂಬುದು ಇದರ ಮೂಲ ಭಾವ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳ ದೊಡ್ಡ ಪ್ರವಾಹವೇ ಬಂತು. ‘ಫ್ರೇಲ್’ ಅದರ ಜೊತೆ ಬಂದದ್ದು. ಮುರಿ ಎಂಬ ಅರ್ಥದ ಲ್ಯಾಟಿನ್ ಧಾತು ಅದರ ಬೇರು. ಅದೇ ಲ್ಯಾಟಿನ್ ಪದವನ್ನು ಮುಂದೆ ಪಂಡಿತರು ನೇರವಾಗಿ ತೆಗೆದುಕೊಂಡಾಗ ‘ಫ್ರಜೈಲ್’ ಆಯಿತು. ಗಾಜಿನ ಸಾಮಾನಿನ ಪೆಟ್ಟಿಗೆಯ ಮೇಲೆ ಅಂಟಿಸುವುದು ಫ್ರಜೈಲ್ ಚೀಟಿಯನ್ನು; ಕೋಲೂರಿ ನಡೆಯುವ ತೊಂಬತ್ತರ ಅಜ್ಜಿ ಫ್ರೇಲ್. ‘ಫೀಬಲ್’ ಪದದ ಮೂಲದಲ್ಲಿರುವುದು ಅಳು. ಕಂಡವರು ಕಣ್ಣೀರಿಡಬೇಕಾದದ್ದು ಎಂಬ ಲ್ಯಾಟಿನ್ ಪದ ಫ್ರೆಂಚಿನಲ್ಲಿ ಸವೆದು ಹೀಗಾಯಿತು.

ಇದೇ ಫೀಬಲ್‌ಗೆ ಕತ್ತಿವರಸೆಯ ಅಖಾಡದಲ್ಲಿ ಇನ್ನೊಂದು ರೂಪವಿದೆ. ಕತ್ತಿಯ ಅಲಗಿನಲ್ಲಿ ಹಿಡಿಯ ಕಡೆಯ ಅರ್ಧ ಗಟ್ಟಿ. ಎದುರಾಳಿಯ ಏಟನ್ನು ತಡೆಯುವುದು ಅಲ್ಲಿ. ಅದಕ್ಕೆ ‘ಫೋರ್ಟ್’ ಎಂದು ಹೆಸರು. ಮೊನೆಯ ಕಡೆಯ ಅರ್ಧ ಚುರುಕಾಗಿ ಚಲಿಸುತ್ತದೆ, ಆದರೆ ಒತ್ತಡ ಬಿದ್ದರೆ ಪಕ್ಕಕ್ಕೆ ಸರಿಯುತ್ತದೆ. ಅದು ‘ಫಾಯ್ಬಲ್’. ಮನುಷ್ಯನ ಬಲವಾದ ವಿಷಯಕ್ಕೆ ಫೋರ್ಟೆ ಎಂದೂ ಸಣ್ಣಪುಟ್ಟ, ಕ್ಷಮಿಸಬಹುದಾದ ದೌರ್ಬಲ್ಯಕ್ಕೆ ಫಾಯ್ಬಲ್ ಎಂದೂ ಇಂದು ಹೇಳುವುದು ಇದೇ ಜೋಡಿಯಿಂದ.

ಸಣಕಲು, ಲೆಕ್ಕಕ್ಕೆ ಬಾರದ್ದು ಎಂಬ ಅರ್ಥದ ‘ಪ್ಯೂನಿ’ಯ ಕಥೆ ಇನ್ನೂ ಸ್ವಾರಸ್ಯದ್ದು. ಹಳೆಯ ಫ್ರೆಂಚಿನಲ್ಲಿ ಇದರ ಅರ್ಥ ಆಮೇಲೆ ಹುಟ್ಟಿದವನು ಎಂದಷ್ಟೇ. ಕಿರಿಯನಾದವನು ಚಿಕ್ಕವನು, ಚಿಕ್ಕವನು ದುರ್ಬಲ ಎಂದು ಅರ್ಥ ಜಾರುತ್ತ ಹೋಯಿತು. ನ್ಯಾಯಾಲಯದಲ್ಲಿ ಮಾತ್ರ ಹಳೆಯ ಅರ್ಥ ಉಳಿದಿದೆ. ಕರ್ನಾಟಕವೂ ಸೇರಿ ಭಾರತದ ಹೈಕೋರ್ಟುಗಳಲ್ಲಿ ಮುಖ್ಯ ನ್ಯಾಯಮೂರ್ತಿಗಳನ್ನು ಬಿಟ್ಟು ಉಳಿದವರನ್ನು ವಕೀಲರು ‘ಪ್ಯೂನಿ ಜಡ್ಜ್’ ಎನ್ನುತ್ತಾರೆ. ಕಾಗುಣಿತ ಬೇರೆ, ಉಚ್ಚಾರ ಒಂದೇ. ಇಲ್ಲಿ ಅವಮಾನದ ಸೋಂಕಿಲ್ಲ.

ಬಳಕೆಯ ಭೇದ

ವೀಕ್ ಎಲ್ಲಕ್ಕೂ ಒಗ್ಗುವ ಪದ. ನೀರಾದ ಚಹಾ, ಸರಿಯಾಗಿ ಸಿಗದ ಸಿಗ್ನಲ್, ಹುರುಳಿಲ್ಲದ ವಾದ, ಬೆಲೆ ಕಳೆದುಕೊಂಡ ಕರೆನ್ಸಿ ಎಲ್ಲವೂ ವೀಕ್. ಫೀಬಲ್ ಎಂದಾಗ ತಿರಸ್ಕಾರ ಬೆರೆಯುತ್ತದೆ. ಕುಂಟುನೆಪಕ್ಕೆ ಅದು ಸರಿಹೊಂದುತ್ತದೆ, ಕಾಯಿಲೆಯಿಂದ ಎದ್ದವರ ಮುಂದೆ ಆಡಿದರೆ ಮಾತು ಒರಟಾಗುತ್ತದೆ. ಡೆಲಿಕೇಟ್ ಎಂಬುದು ಹೊಗಳಿಕೆಯೂ ಆಗಬಹುದು: ನವಿರಾದ ಕಸೂತಿಗೂ ಅದೇ ಪದ, ಪದೇ ಪದೇ ಜ್ವರ ಬರುವ ಮಗುವಿಗೂ ಅದೇ. ಡಿಕ್ರೆಪಿಟ್ ಪದದ ಬೇರಿನಲ್ಲಿ ಕಿರುಗುಟ್ಟುವ, ಬಿರುಕು ಬಿಡುವ ಸದ್ದಿದೆ. ಪಾಳು ಬಿದ್ದ ಮನೆಗೆ ಹೇಳಿದರೆ ಸರಿ, ಮನುಷ್ಯರಿಗೆ ಹೇಳಿದರೆ ಕ್ರೂರ.

‘ಇನ್ವಲಿಡ್’ ಒಂದೇ ಬರಹದಲ್ಲಿ ಎರಡು ಪದಗಳನ್ನು ಅಡಗಿಸಿಕೊಂಡಿದೆ. ಮೊದಲ ಅಕ್ಷರಕ್ಕೆ ಒತ್ತು ಕೊಟ್ಟರೆ ಹಾಸಿಗೆ ಹಿಡಿದ ರೋಗಿ. ಎರಡನೆಯದಕ್ಕೆ ಒತ್ತು ಬಿದ್ದರೆ ಅಸಿಂಧುವಾದ ಟಿಕೆಟ್. ಗಾಯಾಳು ಸೈನಿಕರಿಗಾಗಿ ಹದಿನಾಲ್ಕನೆಯ ಲೂಯಿ 1670ರಲ್ಲಿ ಕಟ್ಟಿಸಲು ಆಜ್ಞೆ ಮಾಡಿದ ಪ್ಯಾರಿಸ್ಸಿನ ‘ಲೆಜಾಂವಲೀದ್’ ಈ ಪದವನ್ನು ಹೆಸರಿನಲ್ಲೇ ಹೊತ್ತಿದೆ. ಮನುಷ್ಯನನ್ನೇ ಅಸಿಂಧು ಎಂದಂತಾಗುತ್ತದೆಂದು ಇಂದು ಅಂಗವಿಕಲರ ವಿಷಯದಲ್ಲಿ ಈ ಪದವನ್ನು ಕೈಬಿಡಲಾಗಿದೆ.

ಮೂದಲಿಕೆ

ಪುಕ್ಕಲರನ್ನು ಹಂಗಿಸುವ ಪದಗಳಲ್ಲಿ ಎರಡಕ್ಕೆ ಹುಟ್ಟಿದ ವರ್ಷವೂ ಗೊತ್ತಿದೆ. ಕವಿ ಆಂಬ್ರೋಸ್ ಫಿಲಿಪ್ಸ್ ಶ್ರೀಮಂತರ ಪುಟ್ಟ ಮಕ್ಕಳ ಮೇಲೆ ಮುದ್ದುಮಾತಿನ ಪದ್ಯಗಳನ್ನು ಬರೆದಿದ್ದ. ಅದನ್ನು ಲೇವಡಿ ಮಾಡಿ ಹೆನ್ರಿ ಕೇರಿ 1725ರಲ್ಲಿ ‘ನ್ಯಾಂಬಿ ಪ್ಯಾಂಬಿ’ ಎಂಬ ಅಣಕ ಕಾವ್ಯ ಬರೆದ. ಆಂಬ್ರೋಸ್ ಎಂಬ ಹೆಸರನ್ನೇ ತೊದಲಿಸಿ ಮಾಡಿದ ಆ ಪದ ಸತ್ವವಿಲ್ಲದ್ದಕ್ಕೆಲ್ಲ ಅಂಟಿಕೊಂಡಿತು. ಅಮೆರಿಕದ ವ್ಯಂಗ್ಯಚಿತ್ರಕಾರ ಎಚ್. ಟಿ. ವೆಬ್‌ಸ್ಟರ್ 1924ರಲ್ಲಿ ಸೃಷ್ಟಿಸಿದ ಅಂಜುಬುರುಕ ಕ್ಯಾಸ್ಪರ್ ಮಿಲ್ಕ್‌ಟೋಸ್ಟ್‌ಗೆ ಆ ಹೆಸರು ಬಂದದ್ದು ರೋಗಿಗಳಿಗೆ ಕೊಡುತ್ತಿದ್ದ ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನಿಂದ.

ಕಾಯಿದೆಯಲ್ಲಿ

‘ಇಂಬೆಸೈಲ್’ ಎಂದರೆ ಮೊದಲು ಮೈಯಲ್ಲಿ ಶಕ್ತಿಯಿಲ್ಲದವನು ಎಂದೇ ಅರ್ಥವಿತ್ತು. ಕ್ರಮೇಣ ಅದು ದೇಹವನ್ನು ಬಿಟ್ಟು ಬುದ್ಧಿಗೆ ಸರಿಯಿತು. ಬ್ರಿಟನ್ನಿನ 1913ರ ಮೆಂಟಲ್ ಡಿಫಿಷಿಯನ್ಸಿ ಕಾಯಿದೆ ಇಂಬೆಸೈಲ್, ಫೀಬಲ್ ಮೈಂಡೆಡ್ ಎಂಬ ಪದಗಳನ್ನು ಜನರ ವರ್ಗಗಳನ್ನಾಗಿ ಮಾಡಿತು; ಈ ವರ್ಗಗಳಿಗೆ ಸೇರಿದವರನ್ನು ಸಂಸ್ಥೆಗಳಲ್ಲಿ ಇರಿಸಲು ಅವಕಾಶವಾಯಿತು. ಅಮೆರಿಕದ ವರ್ಜೀನಿಯದಲ್ಲಿ ಕ್ಯಾರಿ ಬಕ್ ಎಂಬ ತರುಣಿಗೆ ಫೀಬಲ್ ಮೈಂಡೆಡ್ ಎಂಬ ಹಣೆಪಟ್ಟಿ ಹಚ್ಚಲಾಯಿತು. ಆಕೆಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬಹುದೆಂದು 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 8-1ರ ಬಹುಮತದಿಂದ ತೀರ್ಪಿತ್ತಿತು. ಆಕೆಯ ಬುದ್ಧಿಯಲ್ಲಿ ಯಾವ ಕೊರತೆಯೂ ಇರಲಿಲ್ಲವೆಂದು ಮುಂದೆ ಇತಿಹಾಸಕಾರರು ತೋರಿಸಿಕೊಟ್ಟರು.

ಭಾರತದ ಸಂವಿಧಾನದ 46ನೆಯ ವಿಧಿಯಲ್ಲೂ ವೀಕ್ ಪದವಿದೆ, ಆದರೆ ರಕ್ಷಣೆ ಕೊಡುವ ಉದ್ದೇಶದಿಂದ. ‘ವೀಕರ್ ಸೆಕ್ಷನ್ಸ್’ ಎಂಬ ಅಲ್ಲಿನ ಮಾತೇ ಕನ್ನಡದ ಆಡಳಿತ ಭಾಷೆಯ ದುರ್ಬಲ ವರ್ಗಗಳು. 2019ರ 103ನೆಯ ತಿದ್ದುಪಡಿಯಿಂದ ಬಂದ ಶೇ. 10ರ ಇಡಬ್ಲ್ಯುಎಸ್ ಮೀಸಲಾತಿಯ ಹೆಸರಿನಲ್ಲಿರುವ ಡಬ್ಲ್ಯು ಇದೇ ಪದ.

ವೈದ್ಯಕೀಯದಲ್ಲಿ

ಫ್ರೇಲ್ ಪದಕ್ಕೆ ಅಳತೆ ಸಿಕ್ಕಿದ್ದು 2001ರಲ್ಲಿ. ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 65 ದಾಟಿದ 5,317 ಜನರ ಮಾಹಿತಿಯಿಂದ ಐದು ಲಕ್ಷಣಗಳನ್ನು ಗುರುತಿಸಿದರು: ತಾನಾಗಿ ತೂಕ ಇಳಿಯುವುದು, ಸುಸ್ತು, ಕೈಹಿಡಿತ ಸಡಿಲಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರು ಅಥವಾ ಹೆಚ್ಚು ಇದ್ದರೆ ಫ್ರೇಲ್. ಒಂದೋ ಎರಡೋ ಇದ್ದರೆ ಅದರ ಹಿಂದಿನ ಹಂತ. ನಡಿಗೆಯ ಪರೀಕ್ಷೆಗೆ 15 ಅಡಿ ದೂರ ಸಾಕು. 173 ಸೆಂ.ಮೀ. ಮೀರದ ಎತ್ತರದ ಗಂಡಸು ಅಷ್ಟು ನಡೆಯಲು 7 ಸೆಕೆಂಡು ಅಥವಾ ಹೆಚ್ಚು ತೆಗೆದುಕೊಂಡರೆ ಒಂದು ಲಕ್ಷಣ ದಾಖಲಾಗುತ್ತದೆ.

‘ವೀಕ್‌ನೆಸ್’ ಮಾತ್ರ ವೈದ್ಯರಿಗೂ ರೋಗಿಗೂ ಬೇರೆ ಬೇರೆ. ಕರ್ನಾಟಕದ ಯಾವ ಊರಿನ ಕ್ಲಿನಿಕ್ಕಿನಲ್ಲೂ “ತುಂಬಾ ವೀಕ್‌ನೆಸ್ಸು ಡಾಕ್ಟ್ರೇ” ಎಂಬ ಮಾತು ಕೇಳಬಹುದು. ಊಟ ಸೇರದಿರುವುದು, ನಿದ್ದೆಗೇಡು, ರಕ್ತಹೀನತೆ, ಸಕ್ಕರೆ ಕಾಯಿಲೆಯ ಆಯಾಸ ಎಲ್ಲವೂ ಅದರಲ್ಲಿ ಸೇರಿರಬಹುದು. ನರರೋಗ ಶಾಸ್ತ್ರದಲ್ಲಿ ಅದರ ಅರ್ಥ ಸ್ನಾಯುವಿನ ಬಲ ತಗ್ಗಿರುವುದು ಎಂದಷ್ಟೇ. ಅದನ್ನು 0ಯಿಂದ 5ರವರೆಗೆ ಅಂಕ ಕೊಟ್ಟು ಅಳೆಯುತ್ತಾರೆ. 5 ಎಂದರೆ ಪೂರ್ಣ ಬಲ, 3 ಎಂದರೆ ಭಾರವಿಲ್ಲದೆ ಬರಿಯ ಕೈಕಾಲು ಎತ್ತುವಷ್ಟು, 0 ಎಂದರೆ ಅಲುಗಾಟವೇ ಇಲ್ಲ. ಆದ್ದರಿಂದಲೇ ವೀಕ್‌ನೆಸ್ ಎಂದು ಬಂದವರಿಗೆ ವೈದ್ಯರು ಕುಕ್ಕರಗಾಲಲ್ಲಿ ಕೂತು ಕೈಯೂರದೆ ಏಳಲು ಆಗುತ್ತದೆಯೇ, ತಲೆ ಬಾಚಲು ಕೈ ಎತ್ತಲಾಗುತ್ತದೆಯೇ ಎಂದು ಕೇಳುವುದು.